ಕಲ್ಲಿನ ಹುಡುಗಿಯರಿಗೆ ಹಾಜರಾತಿ ಬೇಕಿಲ್ಲ

ಹಾಸನ ಜಿಲ್ಲೆಯ ಕೊರವಂಗಲದಲ್ಲಿ ಎಂಟೂವರೆ ಶತಮಾನದಿಂದ ಹೆಣ್ಣುಮಕ್ಕಳು ಹಗಲು ರಾತ್ರಿ ಕುಣಿಯುತ್ತಿದ್ದಾರೆ. ಇವತ್ತಿನವರೆಗೆ ಒಬ್ಬರೂ ದೂರು ಕೊಟ್ಟಿಲ್ಲ. 1173ರಲ್ಲಿ ಹೊಯ್ಸಳ ದೊರೆ ವೀರಬಲ್ಲಾಳನಿಗೆ ಪಟ್ಟವಾದ ಸಂತೋಷಕ್ಕೆ ಬೂಚಿರಾಜನೆಂಬ ಅಧಿಕಾರಿ ಬೂಚೇಶ್ವರ ದೇವಸ್ಥಾನ ಕಟ್ಟಿಸಿದ. ಅದರ ಗೋಡೆಯ ಮೇಲಿನ ಹುಡುಗಿಯರು ಅಂದಿನಿಂದ ಕಾಲು ಕೆಳಗಿಟ್ಟಿಲ್ಲ. ಮೈಮೇಲೆ ಬಟ್ಟೆಗಿಂತ ಒಡವೆಯೇ ಜಾಸ್ತಿ. ಹೊತ್ತು ಮುಳುಗಿದರೂ ಮನೆಗೆ ಹೋಗುವುದಿಲ್ಲ. ಒಬ್ಬಳಿಗೂ ಗಂಡು ಗೊತ್ತಾಗಿಲ್ಲ. ಆದರೂ ಊರಿಗೆ ಯಾರಾದರೂ ದೊಡ್ಡ ಮನುಷ್ಯರು ಬಂದರೆ ಹಿರಿಯರು ಖುದ್ದಾಗಿ ಕರೆದುಕೊಂಡು ಹೋಗಿ, 'ನೋಡಿ ಸಾರ್, ನಮ್ಮೂರ ಕಲೆ' ಎಂದು ತೋರಿಸುತ್ತಾರೆ. ಕೇಂದ್ರ ಸರ್ಕಾರದ ರಕ್ಷಣೆ ಬೇರೆ ಇದೆ. ಯಾರಾದರೂ ಇವರ ಮೂಗು ಮುರಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ. ಜೀವ ಇರುವ ಹುಡುಗಿಯ ಹುಮ್ಮಸ್ಸು ಮುರಿಯುವುದಕ್ಕೆ ಮಾತ್ರ ಇನ್ನೂ ಯಾವ ಸೆಕ್ಷನ್ನೂ ಬಂದಿಲ್ಲ. ಅದು ಬಿಟ್ಟಿ ಕೆಲಸ, ಯಾರು ಬೇಕಾದರೂ ಮಾಡಬಹುದು. ಹೆಚ್ಚಾಗಿ ನೆಂಟರೇ ಮಾಡಿಕೊಡುತ್ತಾರೆ.

ಬೇಲೂರಿಗೆ ಹೋದರೆ ಇನ್ನೂ ಸುಖ. ಅಲ್ಲಿನ ಮದನಿಕೆಯರಲ್ಲಿ ಒಬ್ಬಳು ಬಿಲ್ಲು ಹಿಡಿದು ಬೇಟೆಗೆ ಹೊರಟಿದ್ದಾಳೆ. ಇನ್ನೊಬ್ಬಳು ವಾದ್ಯ ಬಾರಿಸುತ್ತಿದ್ದಾಳೆ. 2023ರಲ್ಲಿ ಯುನೆಸ್ಕೊದವರು ಬೇಲೂರು, ಹಳೇಬೀಡು, ಸೋಮನಾಥಪುರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಜಿಲ್ಲೆಯೇ ಪಟಾಕಿ ಹೊಡೆಯಿತು. ಬಿಲ್ಲು ಹಿಡಿದ ಹೆಣ್ಣು ನಮ್ಮ ಹೆಮ್ಮೆ ಎಂದು ಭಾಷಣವೂ ಆಯಿತು. ಕೇಳಿಸಿಕೊಂಡ ಯಾವ ಅಪ್ಪನೂ ಮನೆಗೆ ಹೋಗಿ ಮಗಳಿಗೆ ಬಿಲ್ಲು ಕೊಡಿಸಿದ ಸುದ್ದಿ ನನ್ನ ಕಿವಿಗೆ ಬಿದ್ದಿಲ್ಲ.

ತಾಪತ್ರಯ ಶುರುವಾಗುವುದೇ ಉಸಿರಾಡುವ ಹುಡುಗಿಯರಿಂದ. ಕೊರವಂಗಲದ ಆಸುಪಾಸಿನ ಯಾವ ಹಳ್ಳಿಯ ಹೆಸರನ್ನು ಬೇಕಾದರೂ ಹಾಕಿಕೊಳ್ಳಿ, ಕತೆ ಒಂದೇ. ಕೋಳಿ ಕೂಗುವಾಗ ಎದ್ದು, ಹಸು ಕರೆದು, ಡೇರಿಗೆ ಹಾಲು ಹಾಕಿ, ಅರಸೀಕೆರೆ ರಸ್ತೆಗೆ ಬಂದು ಹಾಸನದ ಬಸ್ಸಿಗೆ ಕೈ ಅಡ್ಡ ಹಿಡಿಯುತ್ತಾಳೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಬಸ್ ನಿಲ್ಲಿಸುವ ಯೋಜನೆ ಇನ್ನೂ ಜಾರಿಯಾಗಿಲ್ಲ. ಬ್ಯಾಗು ಹೊತ್ತ ಹೆಣ್ಣುಮಕ್ಕಳ ಗುಂಪು ಕಂಡರೆ ಕೆಲವು ಡ್ರೈವರುಗಳ ಕಾಲು ತಂತಾನೇ ಆಕ್ಸಿಲರೇಟರ್ ಮೇಲೆ ಹೋಗುತ್ತದೆ. ಸ್ಟಾಪು ದಾಟಿ ದೂರ ಹೋಗಿ ನಿಂತ ಬಸ್ಸನ್ನು ಅಟ್ಟಿಸಿಕೊಂಡು ಹೋಗಿ ಹತ್ತುವುದರಲ್ಲೇ ಜಿಲ್ಲೆಯ ನೂರು ಮೀಟರ್ ಓಟದ ತರಬೇತಿ ಮುಗಿದಿರುತ್ತದೆ. ಸರ್ಕಾರಕ್ಕೆ ಕೋಚಿನ ಸಂಬಳ ಉಳಿತಾಯ.

ಅವಳು ಕಾಲೇಜಿನ ಮೈದಾನದಲ್ಲೂ ಓಡುತ್ತಾಳೆ ಎಂಬ ಸುದ್ದಿ ಒಂದು ದಿನ ಊರಿಗೆ ತಲುಪುತ್ತದೆ. ಅರಳಿಕಟ್ಟೆಯಲ್ಲಿ ವಿಚಾರಣೆ.

'ಅದೇನವ್ವ, ಚಡ್ಡಿ ಹಾಕ್ಕಂಡು ಓಡ್ತೀಯಂತೆ?'

'ಹೂಂ ಕಣ್ ಮಾವ. ಸೀರೆ ಉಟ್ಕಂಡು ಹರ್ಡಲ್ಸ್ ಹಾರಕ್ಕಾಗಲ್ಲ.'

'ಓಡಿ ಓಡಿ ಎಲ್ಲಿಗೋಗ್ತೀಯ?'

'ಸದ್ಯಕ್ಕೆ ಮೈಸೂರಿಗೆ ಮಾವ. ಗೆದ್ರೆ ಇನ್ನೂ ಮುಂದಕ್ಕೆ.'

ಮಾವನಿಗೆ ಇದು ತಲೆಹರಟೆಯಂತೆ ಕೇಳಿಸುತ್ತದೆ. ಇದೇ ಹುಡುಗಿ ಆಲೂಗಡ್ಡೆ ಕೀಳುವ ಕಾಲದಲ್ಲಿ ದಿನವಿಡೀ ಬಗ್ಗಿ, ಮಂಕರಿ ತುಂಬಿ, ತಲೆಮೇಲೆ ಹೊತ್ತು ರಸ್ತೆಯವರೆಗೆ ಸಾಗಿಸುವುದನ್ನು ಇದೇ ಮಾವ ಇದೇ ಕಟ್ಟೆಯ ಮೇಲೆ ಕೂತು ನೋಡಿದ್ದಾರೆ. ಆಗ ಅವರಿಗೆ ಹೆಣ್ಣಿನ ಸೊಂಟದ ಚಿಂತೆ ಬಂದಿರಲಿಲ್ಲ. ಹೊಲದಲ್ಲಿ ಐವತ್ತು ಕೆಜಿ ಎತ್ತಿದರೆ ಮನೆತನ, ಮೈದಾನದಲ್ಲಿ ನಾಲ್ಕು ಕೆಜಿ ಗುಂಡು ಎಸೆದರೆ ಗಂಡುಬೀರಿತನ. ಹೆಣ್ಣು ಬೆವರುವುದಕ್ಕೆ ನಮ್ಮ ಆಕ್ಷೇಪಣೆ ಯಾವತ್ತೂ ಇಲ್ಲ. ಬೆವರಿದ್ದಕ್ಕೆ ಪದಕ ಕೊಡುತ್ತಾರಲ್ಲ, ಅದೇ ಸ್ವಲ್ಪ ಅತಿಯಾಯಿತು.

ಕಾಲೇಜಿನಲ್ಲಾದರೂ ಇವಳಿಗೆ ನೆಮ್ಮದಿ ಇದೆಯೇ ಎಂದರೆ, ಅಲ್ಲಿ ನೋಟಿಸ್ ಬೋರ್ಡ್ ಇದೆ. ಅಂತರ ಕಾಲೇಜು ಕೂಟ ಮುಗಿಸಿ, ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಆಯ್ಕೆಯಾಗಿ, ರೈಲಿನಲ್ಲಿ ರಿಸರ್ವೇಶನ್ ಸಿಗದೆ ನಿಂತುಕೊಂಡೇ ಪ್ರಯಾಣ ಮಾಡಿ, ಓಡಿ, ಗೆದ್ದು ವಾಪಸ್ ಬರುತ್ತಾಳೆ. ಬಂದು ನೋಡಿದರೆ ಬೋರ್ಡಿನ ಎಡಗಡೆ 'ನಮ್ಮ ಕಾಲೇಜಿಗೆ ಕೀರ್ತಿ ತಂದ ವಿದ್ಯಾರ್ಥಿನಿಗೆ ಅಭಿನಂದನೆಗಳು.' ಬಲಗಡೆ ಹಾಜರಾತಿ ಕೊರತೆಯಿಂದ ಪರೀಕ್ಷೆಗೆ ಕೂರಲು ಅರ್ಹರಲ್ಲದವರ ಪಟ್ಟಿ. ಎರಡರಲ್ಲೂ ಅವಳ ಹೆಸರು, ಎರಡಕ್ಕೂ ಅದೇ ಪ್ರಾಂಶುಪಾಲರ ಸಹಿ, ಎರಡೂ ಕಾಗದಕ್ಕೆ ನಡುವೆ ಒಂದೇ ಗುಂಡುಸೂಜಿ. ನಾಟಕದಲ್ಲಿ ಪಾತ್ರ ಮಾಡಿದವಳಿಗೂ, ಯುವಜನೋತ್ಸವದಲ್ಲಿ ಕಂಸಾಳೆ ಹಿಡಿದವಳಿಗೂ ಇದೇ ಗತಿ. ಯಾವ ಮೇಷ್ಟರೂ ಕೆಟ್ಟವರಲ್ಲ. ಎಲ್ಲರೂ 'ನೀನು ಗೆಲ್ಲಬೇಕಮ್ಮ' ಎಂದು ಹಾರೈಸಿದವರೇ. 'ಆದರೆ ನನ್ನ ಪೀರಿಯಡ್ ಇಲ್ಲದಾಗ ಗೆಲ್ಲು' ಎಂಬುದು ಅವರ ಅಂತರಂಗ.

ಗೆದ್ದ ಮೇಲೆ ಸನ್ಮಾನ ಇದ್ದೇ ಇದೆ. ಸನ್ಮಾನದ ವಿಷಯದಲ್ಲಿ ಹಾಸನ ಜಿಲ್ಲೆಯ ಔದಾರ್ಯವನ್ನು ಯಾರೂ ಪ್ರಶ್ನಿಸುವಂತಿಲ್ಲ. ಮೊದಲು ಫ್ಲೆಕ್ಸ್. ಮೇಲುಗಡೆ ರಾಜ್ಯಮಟ್ಟದ ನಾಯಕರು, ಅವರ ಕೆಳಗೆ ಜಿಲ್ಲಾಮಟ್ಟದವರು, ನಡುವೆ ಆಳೆತ್ತರಕ್ಕೆ ಕೈಮುಗಿದು ನಿಂತ ಸ್ಥಳೀಯ ಯುವ ಮುಖಂಡ. ಅವನು ಎಲ್ಲೂ ಓಡಿದವನಲ್ಲ, ಚುನಾವಣೆಗೆ ನಿಲ್ಲುವ ಅಂದಾಜಿನಲ್ಲಿದ್ದಾನೆ. ಬಲಗಡೆ ಕೆಳಮೂಲೆಯಲ್ಲಿ, ಫ್ಲೆಕ್ಸ್ ಪ್ರಿಂಟರ್ಸ್‌ನವರ ಫೋನ್ ನಂಬರಿನ ಪಕ್ಕ, ಹಾಲ್ ಟಿಕೆಟ್ಟಿನಿಂದ ಕತ್ತರಿಸಿ ತೆಗೆದ ಹುಡುಗಿಯ ಫೋಟೊ. ಗುರುತು ಹಿಡಿಯಲು ಹತ್ತಿರ ಹೋಗಬೇಕು. ಹತ್ತಿರ ಹೋದರೂ ಫೋನ್ ನಂಬರ್ ಓದಿದಷ್ಟು ಸಲೀಸಾಗಿ ಅವಳ ಹೆಸರು ಓದಲಾಗುವುದಿಲ್ಲ.

ಆಮೇಲೆ ಸಮುದಾಯದ ಪ್ರತಿಭಾ ಪುರಸ್ಕಾರ. ಹುಡುಗಿ ಓಡುವಾಗ ಯಾವ ಜಾತಿ ಎಂದು ಯಾರಿಗೂ ಗೊತ್ತಿರಲಿಲ್ಲ, ಸ್ಪರ್ಧೆಯ ಬಿಬ್‌ನಲ್ಲಿ ಬರೀ ನಂಬರ್ ಇತ್ತು. ಗೆದ್ದ ಮರುದಿನ ಬೆಳಿಗ್ಗೆ ಸಂಘದವರು ಮನೆ ಹುಡುಕಿಕೊಂಡು ಬರುತ್ತಾರೆ. ಹತ್ತು ಗಂಟೆಯ ಕಾರ್ಯಕ್ರಮ, ಸ್ವಾಮೀಜಿಗಳು ಹನ್ನೆರಡಕ್ಕೆ, ಶಾಸಕರು ಒಂದೂವರೆಗೆ. ಎಲ್ಲರೂ ಒಬ್ಬೊಬ್ಬರಾಗಿ 'ಹೆಣ್ಣು ಅಬಲೆಯಲ್ಲ, ಸಬಲೆ' ಎಂದು ಕಂಡುಹಿಡಿಯುತ್ತಾರೆ. ಈ ಸಂಶೋಧನೆ ಮೂರೂವರೆ ಗಂಟೆ ನಡೆಯುತ್ತದೆ. ಅಷ್ಟೂ ಹೊತ್ತು ಆ ಸಬಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿರಬೇಕು. ಕಾಲಿನ ಮೀನಖಂಡ ಹಿಡಿದುಕೊಂಡಿದೆ ಎಂದು ಎದ್ದು ಓಡಾಡಿದರೆ ಅಹಂಕಾರ. ಕೊನೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದು ನೆನಪಿನ ಕಾಣಿಕೆ. ಅವಳಿಗೆ ಬೇಕಾಗಿದ್ದದ್ದು ಒಂದು ಜೊತೆ ಸ್ಪೈಕ್ಸ್. ಅದನ್ನು ಕೊಡಬಹುದಿತ್ತಲ್ಲ ಎಂದರೆ, ವೇದಿಕೆಯ ಮೇಲೆ ಚಪ್ಪಲಿ ಕೊಟ್ಟ ಹಾಗಾಗುತ್ತದೆ, ಶುಭಕಾರ್ಯದಲ್ಲಿ ಚೆನ್ನಾಗಿರುವುದಿಲ್ಲ. ಹೀಗಾಗಿ ನಮ್ಮ ಜಿಲ್ಲೆಯ ಅನೇಕ ಓಟಗಾರ್ತಿಯರ ಮನೆಯಲ್ಲಿ ಬೀರು ತುಂಬ ಶಾಲುಗಳಿವೆ. ಓಡುವುದಕ್ಕೆ ಶಾಲು ಅಷ್ಟಾಗಿ ಒದಗುವುದಿಲ್ಲ.

ಗೆಲುವಿನ ಪಾಲು ಹಂಚಿಕೆಯಲ್ಲಿ ನಮ್ಮವರ ಕೈಚಳಕಕ್ಕೆ ದಾಖಲೆಯೇ ಇದೆ. 2019ರ ಎಸ್ಸೆಸ್ಸೆಲ್ಸಿಯಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಪರೀಕ್ಷೆ ಬರೆದದ್ದು ಮಕ್ಕಳು. ಕೀರ್ತಿ ಯಾರಿಗೆ ಎಂಬ ಪ್ರಶ್ನೆ ಎದ್ದಾಗ ಮಾತ್ರ ಮಕ್ಕಳನ್ನು ಯಾರೂ ಕರೆಯಲಿಲ್ಲ. ಆಗಷ್ಟೇ ವರ್ಗವಾಗಿ ಹೋಗಿದ್ದ ಜಿಲ್ಲಾಧಿಕಾರಿಯವರ ಶ್ರಮ ಎಂದು ಒಂದು ಕಡೆಯವರು ಹೇಳಿದರು. ಅಲ್ಲ, ಜಿಲ್ಲಾ ಪಂಚಾಯಿತಿಯಲ್ಲಿದ್ದ ನನ್ನ ಹೆಂಡತಿಯ ಶ್ರಮ ಎಂದು ಜಿಲ್ಲೆಯ ಸಚಿವರು ಹೇಳಿದರು. ವಾದದ ಎರಡೂ ತುದಿಯಲ್ಲಿ ಹೆಂಗಸರೇ ಇದ್ದದ್ದನ್ನು ಒಂದು ಪ್ರಗತಿ ಎಂದು ಬೇಕಾದರೆ ಬರೆದುಕೊಳ್ಳಿ. ಸೀಮೆಎಣ್ಣೆ ಬುಡ್ಡಿಯ ಕಾಲ ಹೋಗಿ ಮೊಬೈಲ್ ಟಾರ್ಚಿನಲ್ಲಿ ಓದಿದ ಹುಡುಗಿಗೆ ಆ ಗಲಾಟೆಯಲ್ಲಿ ಮೈಕು ಸಿಗಲಿಲ್ಲ.

ಹಣದ ಮಾತು ಬಂದಾಗ ಮಾತ್ರ ಈ ಪಾಲುದಾರರೆಲ್ಲ ಎಲ್ಲಿಗೆ ಹೋಗುತ್ತಾರೋ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು. ಫೈನಲ್‌ನಲ್ಲಿ ಭಾರತದ ಹೆಂಗಸರು ನೇಪಾಳವನ್ನು 78–40ರಿಂದ ಸೋಲಿಸಿದರು. ಆ ತಂಡದಲ್ಲಿ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಕರ್ನಾಟಕ ಸರ್ಕಾರ ಅವರಿಗೂ, ಪುರುಷರ ತಂಡದಲ್ಲಿದ್ದ ನಮ್ಮ ಎಂ.ಕೆ. ಗೌತಮ್ ಅವರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಪಕ್ಕದ ಮಹಾರಾಷ್ಟ್ರ ತನ್ನ ಆಟಗಾರರಿಗೆ ಕೊಟ್ಟದ್ದು ತಲಾ 2.25 ಕೋಟಿ, ಜೊತೆಗೆ ಸರ್ಕಾರಿ ನೌಕರಿ. ಕೃಷ್ಣಾ ನೀರಿಗೆ, ಬೆಳಗಾವಿಯ ಗಡಿಗೆ ಮಹಾರಾಷ್ಟ್ರದ ಜೊತೆ ಇಂಚಿಂಚಿಗೂ ಪೈಪೋಟಿ ಮಾಡುವ ನಾವು ಈ ಒಂದು ವಿಷಯದಲ್ಲಿ ದೊಡ್ಡ ಮನಸ್ಸು ಮಾಡಿ ಸೋತೆವು. ಇಬ್ಬರೂ ಆಟಗಾರರು 5 ಲಕ್ಷ ಬೇಡ ಎಂದರು. ಕೊಟ್ಟದ್ದನ್ನು ಬೇಡ ಎನ್ನುವುದನ್ನು ಕಲಿತ ಹಳ್ಳಿ ಹುಡುಗಿಯನ್ನು ಕಂಡು ಕಟ್ಟೆ ಮೇಲಿನವರಿಗೆ ವಿಶ್ವಕಪ್ ಗೆದ್ದದ್ದಕ್ಕಿಂತ ಹೆಚ್ಚು ಆಶ್ಚರ್ಯವಾಯಿತು.

ಇನ್ನು ವಿಶ್ವವಿದ್ಯಾಲಯ. ಮೈಸೂರು ವಿಶ್ವವಿದ್ಯಾಲಯದ ಅಡಿಯಲ್ಲಿದ್ದ ಹೇಮಗಂಗೋತ್ರಿ ಸ್ನಾತಕೋತ್ತರ ಕೇಂದ್ರವನ್ನು ಬೇರೆ ಮಾಡಿ ಹಾಸನಕ್ಕೂ ಒಂದು ವಿಶ್ವವಿದ್ಯಾಲಯ ಎಂದು 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಚುನಾವಣೆ ಹೊಸ್ತಿಲಲ್ಲಿತ್ತು, ಬೇರೆ ಜಿಲ್ಲೆಗಳಿಗೂ ಜೊತೆಗೇ ಕೊಟ್ಟರು. ಎರಡು ವರ್ಷ ತುಂಬುವುದರೊಳಗೆ ಇನ್ನೊಂದು ಸರ್ಕಾರದ ಸಂಪುಟ ಉಪಸಮಿತಿ ಕೂತು, ದುಡ್ಡಿಲ್ಲ, ಹಾಸನವೂ ಸೇರಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದು ಎಂದಿತು. ಹೆಣ್ಣು ಹುಟ್ಟಿದ ಕೆಲವು ಮನೆಗಳ ಹಾಗೆ: ನಾಮಕರಣದ ದಿನ ಊರಿಗೆಲ್ಲ ಊಟ, ಮರುದಿನದಿಂದ ಇವಳನ್ನು ಸಾಕುವುದು ಹೇಗೆಂಬ ಲೆಕ್ಕ. ಮೈಸೂರಿಗೆ ಕಳಿಸಲು ಒಪ್ಪದ ಅಪ್ಪಂದಿರು 'ಹಾಸನವೇ ಆದರೆ ಓದಲಿ ಬಿಡಿ, ಸಾಯಂಕಾಲ ಮನೆಗೆ ಬರ್ತಾಳೆ' ಎಂದು ಬಿಟ್ಟ ಹುಡುಗಿಯರು ಅಲ್ಲಿ ಎಂ.ಎ., ಎಂ.ಕಾಂ. ಓದುತ್ತಾರೆ. ವಿಶ್ವವಿದ್ಯಾಲಯ ದೂರವಾದರೆ ಅವರ ಓದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬ ಕಾಲಂ ಉಪಸಮಿತಿಯ ಲೆಕ್ಕದ ಹಾಳೆಯಲ್ಲಿ ಇದ್ದೀತು ಎಂದು ನಾನಂತೂ ನಂಬಿಲ್ಲ.

ಹಾಗೆಂದು ನಮ್ಮ ಹಿರಿಯರು ಹೆಣ್ಣುಮಕ್ಕಳ ಉನ್ನತ ಶಿಕ್ಷಣಕ್ಕೆ ಏನೂ ಮಾಡಿಲ್ಲ ಎನ್ನುವಂತಿಲ್ಲ. ಹಾಸನದಲ್ಲೊಂದು, ಹೊಳೆನರಸೀಪುರದಲ್ಲೊಂದು ಸರ್ಕಾರಿ ಗೃಹವಿಜ್ಞಾನ ಮಹಿಳಾ ಕಾಲೇಜು ಇವೆ. ಹುಡುಗರ ಗೃಹವಿಜ್ಞಾನ ಕಾಲೇಜು ಹುಡುಕಿದರೂ ಸಿಗುವುದಿಲ್ಲ. ಗಂಡಸರಿಗೆ ಗೃಹ ಇದೆ, ವಿಜ್ಞಾನ ಬೇಕಾಗಿಲ್ಲ. ಆ ಕಾಲೇಜಿನ ಹುಡುಗಿಯರು ಪೌಷ್ಟಿಕಾಂಶದ ಪಾಠ ಓದಿ ಉತ್ತರ ಪತ್ರಿಕೆಯಲ್ಲಿ ದಿನಕ್ಕೆ ಇಷ್ಟು ಗ್ರಾಂ ಪ್ರೋಟೀನ್ ಬೇಕೆಂದು ಬರೆದು ಪೂರ್ತಿ ಅಂಕ ತೆಗೆದುಕೊಳ್ಳುತ್ತಾರೆ. ಮನೆಗೆ ಬಂದರೆ ಮೊಟ್ಟೆ ಅಣ್ಣನಿಗೆ.

ಮೊಟ್ಟೆ ಎಂದಾಗ ನೆನಪಾಯಿತು. ಹೊಟ್ಟೆಗೆ ಹಾಕಿದರೆ ಪದಕ ಬರುತ್ತದೆ ಎಂಬ ರಹಸ್ಯವನ್ನು ಖಾಸಗಿಯವರು ಬಹಳ ಹಿಂದೆಯೇ ಅರ್ಥಮಾಡಿಕೊಂಡರು. ಮೂಡುಬಿದಿರೆಯ ಆಳ್ವಾಸ್ ಕಾಲೇಜಿನವರು ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ಹಾಸ್ಟೆಲ್, ಓದು ಎಲ್ಲ ಉಚಿತ ಎಂದರು. ಅವರ ಬಲದಿಂದ ಮಂಗಳೂರು ವಿಶ್ವವಿದ್ಯಾಲಯ ಅಖಿಲ ಭಾರತ ಮಟ್ಟದಲ್ಲಿ ಕಪ್ ಮೇಲೆ ಕಪ್ ಎತ್ತಿತು. 2022ರಲ್ಲಿ ಬೆಂಗಳೂರಿನಲ್ಲಿ ನಡೆದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕೂಟದಲ್ಲಿ ಜೈನ್ ವಿಶ್ವವಿದ್ಯಾಲಯದ ಪ್ರಿಯಾ ಮೋಹನ್ ಇನ್ನೂರು ಮೀಟರ್‌ನಲ್ಲಿ ಒಲಿಂಪಿಯನ್ ದ್ಯುತಿ ಚಂದ್ ಅವರನ್ನೇ ಹಿಂದೆ ಹಾಕಿದರು. ನಮ್ಮಲ್ಲಿ ಹುಡುಗಿಯರ ಕಾಲಿಗೇನೂ ಕೊರತೆ ಇಲ್ಲ. ಮೈದಾನದ ಕತೆ ಬೇರೆ. ಒಂದು ತಾಲ್ಲೂಕು ಕ್ರೀಡಾಂಗಣದಲ್ಲಿ ರಾಜಕೀಯ ಸಮಾವೇಶ ಮುಗಿದ ಮರುದಿನ ಲಾಂಗ್‌ಜಂಪ್ ಗುಂಡಿಯಲ್ಲಿ ಮರಳಿಗಿಂತ ಪಲಾವ್ ತಿಂದ ಪೇಪರ್ ತಟ್ಟೆಗಳೇ ಹೆಚ್ಚಿದ್ದವು. ಯಾವ ತಾಲ್ಲೂಕು ಎಂದು ಹೇಳುವುದಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕೂ ಕಡೆಯವರು ತಮ್ಮದೇ ಎಂದು ತಿಳಿದು ಬೇಜಾರಾಗುತ್ತಾರೆ.

ಕಲೆಯ ಕಡೆಗೆ ಬಂದರೆ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳಕ್ಕೆ ಹೋಗಬೇಕು. ಹೊಯ್ಸಳ ದೊರೆ ವಿಷ್ಣುವರ್ಧನನ ಪಟ್ಟದ ರಾಣಿ ಶಾಂತಲಾದೇವಿ 1123ರಲ್ಲಿ ಅಲ್ಲೊಂದು ಬಸದಿ ಕಟ್ಟಿಸಿದಳು. ಗೀತ, ವಾದ್ಯ, ನೃತ್ಯ ಮೂರರಲ್ಲೂ ಅವಳು ನಿಪುಣೆ ಎಂದು ಶಾಸನಗಳು ಹೊಗಳುತ್ತವೆ. ಈಗಿನ ಲೆಕ್ಕದಲ್ಲಿ ಮೂರು ಚಿನ್ನದ ಪದಕ. ಆದರೆ ಬಸದಿಗೆ ಉಳಿದುಕೊಂಡ ಹೆಸರು ಮಾತ್ರ ಸವತಿಗಂಧವಾರಣ, ಸವತಿಯರ ಪಾಲಿಗೆ ಮದ್ದಾನೆ. ಹಾಡು, ಕುಣಿತ ಎಲ್ಲ ಸರಿಯಮ್ಮ, ಗಂಡನ ಮನೆಯಲ್ಲಿ ಹೇಗಿದ್ದೆ ಎಂಬ ಪ್ರಶ್ನೆಗೆ ಕಲ್ಲಿನಲ್ಲೇ ಉತ್ತರ ಕೊಟ್ಟು ಹೋಗಬೇಕಾಯಿತು.

ಒಂಬೈನೂರು ವರ್ಷದ ನಂತರ ಇದೇ ಜಿಲ್ಲೆಯ ಲೇಖಕಿ ಬಾನು ಮುಷ್ತಾಕ್ ಲಂಡನ್ನಿನ ವೇದಿಕೆ ಹತ್ತಿದರು. 2025ರ ಮೇ 20ರಂದು ಅವರ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ. ಇಂಗ್ಲಿಷಿಗೆ ತಂದವರು ಕೊಡಗಿನ ದೀಪಾ ಭಾಸ್ತಿ. ಬಹುಮಾನದ ಐವತ್ತು ಸಾವಿರ ಪೌಂಡ್ ಇಬ್ಬರಿಗೂ ಸಮಪಾಲು. ಕನ್ನಡಕ್ಕೆ ಇದು ಮೊದಲು, ಸಣ್ಣಕತೆಗಳ ಸಂಕಲನಕ್ಕೂ ಮೊದಲು. ಒಂದು ವಾರ ಜಿಲ್ಲೆಯಲ್ಲಿ ಎಲ್ಲರೂ ಅವರ ಪಕ್ಕದ ಬೀದಿಯವರೇ ಆಗಿದ್ದರು. ಮೂರು ತಿಂಗಳು ಕಳೆದು ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದರು ನೋಡಿ, ಹಿಂದೂ ಹಬ್ಬಕ್ಕೆ ಮುಸ್ಲಿಂ ಹೆಂಗಸು ಯಾಕೆ ಎಂದು ಆಗ ಕೋರ್ಟಿಗೆ ಅರ್ಜಿ. ಹೈಕೋರ್ಟ್ ವಜಾ ಮಾಡಿತು, ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು, ಅಲ್ಲೂ ವಜಾ. ಸೆಪ್ಟೆಂಬರ್ 22ಕ್ಕೆ ಅವರೇ ಉದ್ಘಾಟಿಸಿದರು. ಲಂಡನ್ನಿನವರು ಹನ್ನೆರಡು ಕತೆ ಓದಿ ತೀರ್ಮಾನಕ್ಕೆ ಬಂದಿದ್ದರು. ನಾವು ಒಂದೂ ಓದದೆ ಬಂದೆವು. ವೇಗದಲ್ಲಿ ನಾವೇ ಮುಂದೆ. ಇನ್ನೊಂದು ಸಂಗತಿಯನ್ನೂ ಹೇಳಿಬಿಡಬೇಕು. ಮಸೀದಿಯೊಳಗೆ ಹೆಂಗಸರಿಗೂ ಪ್ರವೇಶ ಬೇಕು ಎಂದದ್ದಕ್ಕೆ 2000ದಲ್ಲಿ ಇದೇ ಬಾನು ಅವರಿಗೆ ಅವರ ಸಮುದಾಯದವರು ಬಹಿಷ್ಕಾರ ಹಾಕಿದ್ದರು. ಆಗ ಆ ಕಡೆಯವರು, ಈಗ ಈ ಕಡೆಯವರು. ಕೋಮು ಸೌಹಾರ್ದ ಎಲ್ಲಿದೆ ಎಂದು ಹುಡುಕುವವರು ಇಲ್ಲಿ ನೋಡಬಹುದು.

ಇಷ್ಟಾದರೂ ಪ್ರತಿ ವರ್ಷ ಫಲಿತಾಂಶದ ದಿನ, ಘಟಿಕೋತ್ಸವದ ದಿನ ಪತ್ರಿಕೆಗಳಲ್ಲಿ 'ಹೆಣ್ಣುಮಕ್ಕಳದ್ದೇ ಮೇಲುಗೈ' ಎಂದು ಬರುತ್ತದೆ. ಅದನ್ನು ಓದಿ ಕಟ್ಟೆಯ ಮೇಲಿನವರಿಗೆ ಹೊಸ ಚಿಂತೆ ಹತ್ತಿದೆ: ಹಾಗಾದರೆ ನಮ್ಮ ಗಂಡುಮಕ್ಕಳ ಗತಿ ಏನು? ಗಂಡುಮಕ್ಕಳು ಕ್ರೀಡೆಯಿಂದ ದೂರವೇನೂ ಇಲ್ಲ. ಐಪಿಎಲ್ ಬಂದರೆ ರಾತ್ರಿ ಹನ್ನೆರಡರವರೆಗೆ ಮೊಬೈಲ್ ಹಿಡಿದು, ಒಂದೊಂದು ಬಾಲಿಗೂ ದುಡ್ಡು ಕಟ್ಟಿ, ಅಪ್ಪನ ಶುಂಠಿ ಬೆಳೆಯ ಲಾಭವನ್ನು ಬೌಂಡರಿ ದಾಟಿಸುತ್ತಾರೆ. ಕಲೆಯಲ್ಲೂ ಹಿಂದಿಲ್ಲ, ನಾಯಕರ ಮೆರವಣಿಗೆಯಲ್ಲಿ ತಮಟೆ ಬಿದ್ದ ಕೂಡಲೇ ಕುಣಿಯುತ್ತಾರೆ. ಇವೆರಡಕ್ಕೂ ವಿಶ್ವವಿದ್ಯಾಲಯ ಪದಕ ಇಟ್ಟಿಲ್ಲ, ಅದು ವಿಶ್ವವಿದ್ಯಾಲಯದ ತಪ್ಪು. ಅವರಿಗೆ ಹೆಣ್ಣು ಸಿಗುತ್ತಿಲ್ಲ ಎಂದು ಆದಿಚುಂಚನಗಿರಿಯಿಂದ ಮಲೆ ಮಹದೇಶ್ವರ ಬೆಟ್ಟದವರೆಗೆ ಹರಕೆ ಹೊತ್ತವರಿದ್ದಾರೆ. ಪಿಯುಸಿಗೆ ನಿಲ್ಲಿಸಿದ ಹುಡುಗ, ಎಂ.ಎ. ಮುಗಿಸಿದ ಹುಡುಗಿ. ಜಾತಕ ಕೂಡುತ್ತದೆ, ಮಾರ್ಕ್ಸ್ ಕಾರ್ಡ್ ಕೂಡುವುದಿಲ್ಲ.

ಆದರೂ ಬ್ರೋಕರ್ ಧೈರ್ಯ ಮಾಡಿ ಕರೆದುಕೊಂಡು ಬರುತ್ತಾನೆ. ಉಪ್ಪಿಟ್ಟು, ಕೇಸರಿಬಾತ್, ಕಾಫಿ. ಗೋಡೆಯಲ್ಲಿ ಮೊಳೆಗೆ ನೇತುಹಾಕಿದ ಪದಕಗಳನ್ನು ಹುಡುಗನ ದೊಡ್ಡಪ್ಪ ಕನ್ನಡಕ ಏರಿಸಿಕೊಂಡು ನೋಡುತ್ತಾರೆ.

'ಚಿನ್ನದ ಪದಕ ಅಂದ್ರಲ್ಲ, ಎಷ್ಟು ಗ್ರಾಮಿಂದು?'

'ಗ್ರಾಮಿಂದಲ್ಲ ದೊಡ್ಡಪ್ಪ, ಮೀಟರಿಂದು. ನಾನೂರು.'

ದೊಡ್ಡಪ್ಪ ಪದಕವನ್ನು ಉಗುರಿನಿಂದ ಒಂದು ಸಲ ಗೀರಿ ನೋಡಿ ಕೈಬಿಡುತ್ತಾರೆ. ಹುಡುಗನ ತಾಯಿ ಸೆರಗು ಸರಿಮಾಡಿಕೊಂಡು ಅಸಲು ವಿಷಯಕ್ಕೆ ಬರುತ್ತಾರೆ.

'ಅಲ್ಲ ಕಣವ್ವ, ಮದ್ವೆ ಆದ್ಮೇಲೂ ಓಡ್ತೀಯೇನು?'

'ಅದು ನಿಮ್ಮನೇಲಿ ಹೆಂಗ್ ನೋಡ್ಕತೀರ ಅನ್ನೋದ್ರ ಮೇಲೈತೆ ಅತ್ತೆ.'